ಹೊಸ ಫಾರ್ಮ್ ಕಳಿಸುವ ಮುಂಚೆ ಹಳೇ ಫಾರ್ಮ್ ಏನಾಯ್ತು ಅಂತ ಹೇಳಿ

ಪ್ರಶ್ನೆ: ನಾನು ವಿಶ್ವವಿದ್ಯಾಲಯವೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಪ್ರತಿ ವರ್ಷ ಅಧ್ಯಾಪಕರ ಸಮೀಕ್ಷೆ ನಡೆಸುವ ಜವಾಬ್ದಾರಿ ನನ್ನದು. ಕೆಲಸದ ಹೊರೆ, ತರಗತಿ ಸೌಲಭ್ಯ, ಸಂಶೋಧನೆಗೆ ಸಿಗುವ ಸಮಯ, ಆಡಳಿತದ ಜೊತೆಗಿನ ಅನುಭವ ಇವೆಲ್ಲ ಅದರಲ್ಲಿವೆ. ಹೋದ ವರ್ಷ 640 ಜನರಿಗೆ ಕಳಿಸಿದೆವು. 110 ಜನ ಮಾತ್ರ ತುಂಬಿದರು. ಐದು ಸಲ ರಿಮೈಂಡರ್ ಕಳಿಸಿದರೂ ಅಷ್ಟೇ. ಈ ಸಲ ಕಡ್ಡಾಯ ಮಾಡೋಣ, ಇಲ್ಲವೇ ಬಹುಮಾನ ಇಡೋಣ ಎನ್ನುತ್ತಿದ್ದಾರೆ ನಮ್ಮ ನಿರ್ದೇಶಕರು. ಅಧ್ಯಾಪಕರು ತಾವಾಗಿಯೇ ಭಾಗವಹಿಸುವ ಹಾಗೆ ಮಾಡುವುದು ಹೇಗೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಉತ್ತರ ಕೊಡದ 530 ಜನರ ಬಗ್ಗೆ ನಿಮಗಿರುವ ಚಿಂತೆ ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಉತ್ತರ ಕೊಟ್ಟ 110 ಜನ ಹೇಳಿದ್ದು ಏನಾಯ್ತು ಎಂಬುದು ಎಲ್ಲೂ ಇಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಏಕೆಂದರೆ ನಿಮ್ಮ ಅಧ್ಯಾಪಕರೂ ಅಲ್ಲಿಂದಲೇ ಶುರು ಮಾಡುತ್ತಾರೆ.

ಇಂಥದೇ ಸಮಸ್ಯೆ ಇದ್ದ ಒಂದು ಕಡೆ ನನ್ನನ್ನು ಸಲಹೆಗೆ ಕರೆದಿದ್ದರು. ಸ್ಟಾಫ್ ರೂಮಿನಲ್ಲಿ ಕೂತು ಹಿರಿಯ ಅಧ್ಯಾಪಕಿಯೊಬ್ಬರನ್ನು ಕೇಳಿದೆ, ಯಾಕೆ ಮೇಡಂ ತುಂಬಲಿಲ್ಲ ಅಂತ. ಅವರು ಮಾತಾಡಲಿಲ್ಲ. ಮೊಬೈಲ್ ತೆಗೆದು ಇಮೇಲ್‌ನಲ್ಲಿ 'ಸಮೀಕ್ಷೆ' ಎಂದು ಹುಡುಕಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಬೆರಳಲ್ಲಿ ಮೇಲಕ್ಕೆ ತಳ್ಳಿದಷ್ಟೂ ಬರುತ್ತಲೇ ಇತ್ತು. ಗ್ರಂಥಾಲಯದ ಸಮೀಕ್ಷೆ, ಊಟದ ವ್ಯವಸ್ಥೆಯ ಸಮೀಕ್ಷೆ, ಹೊಸ ಸಾಫ್ಟ್‌ವೇರ್ ಬಗ್ಗೆ ಒಂದು, ತರಬೇತಿ ಆದಮೇಲೆ ಒಂದು, ಯಾರೋ ಸಂಶೋಧನಾ ವಿದ್ಯಾರ್ಥಿಯದು ಒಂದು. ನಡುನಡುವೆ ರಿಮೈಂಡರ್‌ಗಳು. ಕೊನೆಗೆ ಅವರು ಒಂದೇ ಮಾತು ಹೇಳಿದರು: "ಇದರಲ್ಲಿ ಫಲಿತಾಂಶ ಅಂತ ಬಂದ ಮೇಲ್ ಒಂದು ತೋರಿಸಿ." ನಾವಿಬ್ಬರೂ ಹುಡುಕಿದೆವು. ಒಂದೂ ಇರಲಿಲ್ಲ.

ಅವರು ಸೋಮಾರಿ ಅಲ್ಲ. ಮೊದಮೊದಲು ಎಲ್ಲ ಸಮೀಕ್ಷೆಗೂ ಉತ್ತರ ಕೊಡುತ್ತಿದ್ದರಂತೆ. ತೆರೆದ ಪ್ರಶ್ನೆಗಳಿಗೆ, ಅಂದರೆ ಸ್ವಂತ ಮಾತಿನಲ್ಲಿ ಉತ್ತರ ಬರೆಯಬೇಕಾದವಕ್ಕೆ, ಅರ್ಧ ಪುಟ ಬರೆಯುತ್ತಿದ್ದರಂತೆ. ನಿಧಾನಕ್ಕೆ ಬಿಟ್ಟುಬಿಟ್ಟರು. ಜನ ಇದನ್ನು ಸಮೀಕ್ಷೆಯ ಆಯಾಸ ಎನ್ನುತ್ತಾರೆ. ಪ್ರಶ್ನೆಗಳು ಜಾಸ್ತಿ ಆದದ್ದರಿಂದ ಬಂದ ಆಯಾಸ ಅಂತ ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಪ್ರಶ್ನೆಗಿಂತ ಮೌನ ಹೆಚ್ಚು ಸುಸ್ತು ಮಾಡುತ್ತದೆ.

ಸಮೀಕ್ಷಾ ವಿಧಾನದಲ್ಲಿ ದೊಡ್ಡ ಹೆಸರು ಅಮೆರಿಕದ ಸಮಾಜಶಾಸ್ತ್ರಜ್ಞ ಡಾನ್ ಡಿಲ್‌ಮನ್ ಅವರದು. ಜನ ಸಮೀಕ್ಷೆಗೆ ಉತ್ತರ ಕೊಡುವುದು ಒಂದು ಕೊಡುಕೊಳ್ಳುವ ವ್ಯವಹಾರ ಅಂತ ಅವರು 1978ರಲ್ಲೇ ವಿವರಿಸಿದರು. ಇದರಿಂದ ಏನು ಒಳ್ಳೆಯದಾಗುತ್ತದೆ, ನನಗೆ ಎಷ್ಟು ಶ್ರಮ, ಕೇಳುವವರನ್ನು ನಂಬಬಹುದೇ? ಈ ಮೂರನ್ನೂ ಮನಸ್ಸು ಒಂದೆರಡು ಕ್ಷಣದಲ್ಲಿ ತೂಗಿಬಿಡುತ್ತದೆ. ಅಧ್ಯಾಪಕರ ವಿಷಯದಲ್ಲಿ ಮೂರನೆಯದರ ತೂಕ ಜಾಸ್ತಿ. ಅವರಲ್ಲಿ ಎಷ್ಟೋ ಜನ ಸ್ವತಃ ಪ್ರಶ್ನಾವಳಿ ಮಾಡುವವರು, ದತ್ತಾಂಶದ ಜೊತೆ ಕೆಲಸ ಮಾಡುವವರು. ಕಾಟಾಚಾರಕ್ಕೆ ಮಾಡಿದ ಸಮೀಕ್ಷೆ ಯಾವುದು, ನಿಜವಾಗಿ ತಿಳಿದುಕೊಳ್ಳಲು ಕೇಳಿದ್ದು ಯಾವುದು ಅಂತ ಮೊದಲ ಪುಟದಲ್ಲೇ ಅವರಿಗೆ ಗೊತ್ತಾಗುತ್ತದೆ.

ಹಾಗಾಗಿ ಈ ವರ್ಷ ನೀವು ಮೊದಲು ಕಳಿಸಬೇಕಾದ್ದು ಪ್ರಶ್ನಾವಳಿ ಅಲ್ಲ. ಒಂದೇ ಒಂದು ಪುಟದ ಪತ್ರ. ಹೋದ ವರ್ಷ ನೀವು ಹೇಳಿದ್ದು ಇವು, ಇವುಗಳಲ್ಲಿ ನಾವು ಮಾಡಿದ್ದು ಇಷ್ಟು, ಮಾಡಲಾಗದ್ದು ಇಷ್ಟು, ಕಾರಣ ಇದು. ಸಮೀಕ್ಷೆ ಶುರುವಾಗುವುದಕ್ಕೆ ಎರಡು ಮೂರು ವಾರ ಮುಂಚೆಯೇ ಇದು ಹೋಗಬೇಕು. ಅದರಲ್ಲಿ ಸಮೀಕ್ಷೆಯ ಲಿಂಕ್ ಇರಕೂಡದು. ಲಿಂಕ್ ಇದ್ದರೆ ಇಡೀ ಪತ್ರವೇ ಪ್ರಚಾರದ ಹಾಗೆ ಕಾಣುತ್ತದೆ.

ಈ ಪುಟದಲ್ಲಿ 'ಮಾಡಲಾಗಲಿಲ್ಲ' ಎಂಬ ಭಾಗವನ್ನು ದಯವಿಟ್ಟು ಬಿಡಬೇಡಿ. ಆಡಳಿತದವರು ಮೊದಲು ಅಳಿಸಲು ನೋಡುವುದು ಅದನ್ನೇ. "ಉತ್ತರ ಪತ್ರಿಕೆ ಮೌಲ್ಯಮಾಪನಕ್ಕೆ ಕೊಡುವ ದಿನಗಳು ಸಾಲುವುದಿಲ್ಲ ಎಂದು ಹಲವರು ಬರೆದಿದ್ದೀರಿ. ಫಲಿತಾಂಶದ ದಿನಾಂಕವನ್ನು ಈ ವರ್ಷ ಮುಂದಕ್ಕೆ ಹಾಕಲು ಆಗಲಿಲ್ಲ. ಮುಂದಿನ ವರ್ಷದ ವೇಳಾಪಟ್ಟಿ ಮಾಡುವ ಸಮಿತಿಯ ಮುಂದೆ ಈ ವಿಷಯ ಇಟ್ಟಿದ್ದೇವೆ." ಇಷ್ಟು ನೇರವಾಗಿ ಬರೆದರೆ ಸಾಕು. ಓದಿದವರಿಗೆ ಬೇಸರ ಆಗಬಹುದು, ಆದರೆ ತಾವು ಬರೆದದ್ದನ್ನು ಯಾರೋ ಕೂತು ಓದಿದ್ದಾರೆ ಎಂದು ಖಾತ್ರಿಯಾಗುತ್ತದೆ. ಅದರ ಪಕ್ಕದಲ್ಲಿ ಚಿಕ್ಕದಾದರೂ ಸರಿ, ನಿಜವಾಗಿ ಬದಲಾದ ಒಂದು ಸಂಗತಿ ಇರಲಿ. ಕೆಟ್ಟುಹೋದ ಪ್ರೊಜೆಕ್ಟರ್ ಬದಲಾಯಿಸಿದ್ದಾದರೂ ಆದೀತು, ಯಾವ ಕೊಠಡಿಯದು ಅಂತ ಕೊಠಡಿ ಸಂಖ್ಯೆ ಸಮೇತ ಬರೆಯಿರಿ.

ಇನ್ನು ಹೆದರಿಕೆಯ ವಿಷಯ. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೇಳಿದರೆ ಸಮಯ ಇರಲಿಲ್ಲ ಎನ್ನುತ್ತಾರೆ.

ನಿಮ್ಮ ಫಾರ್ಮ್ ತೆರೆದು ಮೊದಲ ಪುಟ ನೋಡಿ. ವಿಭಾಗ, ಹುದ್ದೆ, ಲಿಂಗ, ವಯಸ್ಸು, ಸೇವೆಯ ವರ್ಷ ಇವೆಲ್ಲ ಕೇಳಿದ್ದೀರಿ ಅಲ್ವಾ? ಈಗ ಏಳು ಜನ ಇರುವ ಒಂದು ವಿಭಾಗವನ್ನು ಊಹಿಸಿಕೊಳ್ಳಿ. ಅದರಲ್ಲಿ ಸಹ ಪ್ರಾಧ್ಯಾಪಕರು ಇಬ್ಬರು, ಒಬ್ಬರು ಹೆಣ್ಣು, ಒಬ್ಬರು ಗಂಡು. ಆ ಮೇಡಂ ವಿಭಾಗದ ಹೆಸರನ್ನು ಆರಿಸುತ್ತಾರೆ. ಹುದ್ದೆ ಆರಿಸುತ್ತಾರೆ. 'ಮಹಿಳೆ' ಎಂಬಲ್ಲಿ ಒತ್ತುವಾಗ ಅವರ ಕೈ ತಡೆಯುತ್ತದೆ. ಹೆಸರು ಬರೆಯದೆಯೇ ಹೆಸರು ಬರೆದ ಹಾಗಾಯಿತು. ಎಂಟನೇ ಪ್ರಶ್ನೆಯಲ್ಲಿ 'ನಿಮ್ಮ ವಿಭಾಗದ ಮುಖ್ಯಸ್ಥರು ಕೆಲಸವನ್ನು ನ್ಯಾಯವಾಗಿ ಹಂಚುತ್ತಾರೆಯೇ' ಅಂತ ಕೇಳುತ್ತೀರಿ. ಅವರು ಆ ಪುಟವನ್ನು ಅಲ್ಲಿಗೇ ಮುಚ್ಚುತ್ತಾರೆ. ಇಲ್ಲವೇ ಎಲ್ಲದಕ್ಕೂ 'ತೃಪ್ತಿಕರ' ಎಂದು ಒತ್ತಿ ಕಳಿಸುತ್ತಾರೆ. ಎರಡನೆಯದು ಇನ್ನೂ ಕೆಟ್ಟದ್ದು, ಅದು ನಿಮ್ಮ ಲೆಕ್ಕಕ್ಕೆ ಸೇರಿಬಿಡುತ್ತದೆ.

ಮೇಲ್ಗಡೆ 'ನಿಮ್ಮ ಉತ್ತರಗಳು ಅನಾಮಧೇಯ' ಎಂದು ದಪ್ಪಕ್ಷರದಲ್ಲಿ ಹಾಕಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಅನಾಮಧೇಯ ಬೇರೆ, ಗೋಪ್ಯ ಬೇರೆ. ಯಾರು ಬರೆದರು ಅಂತ ನಿಮಗೂ ತಿಳಿಯಲು ಸಾಧ್ಯವಿಲ್ಲದಿದ್ದರೆ ಅದು ಅನಾಮಧೇಯ. ನಿಮಗೆ ತಿಳಿಯಬಹುದು, ಆದರೆ ಹೊರಗೆ ಬಿಡುವುದಿಲ್ಲ ಅಂದರೆ ಅದು ಗೋಪ್ಯ. ಒಬ್ಬೊಬ್ಬರಿಗೂ ಬೇರೆ ಬೇರೆ ಲಿಂಕ್ ಕಳಿಸಿ, ಯಾರು ತುಂಬಿಲ್ಲವೋ ಅವರಿಗೆ ಮಾತ್ರ ರಿಮೈಂಡರ್ ಹೋಗುವ ವ್ಯವಸ್ಥೆ ಇದ್ದರೆ, ಬಹುಪಾಲು ಅದು ಗೋಪ್ಯ ಸಮೀಕ್ಷೆ. ಅದನ್ನು ಅನಾಮಧೇಯ ಎನ್ನುವುದು ಸುಳ್ಳು. ತುಂಬಿದವರಿಗೆ ರಿಮೈಂಡರ್ ಬರದಿದ್ದಾಗ ಆ ಸುಳ್ಳು ಗೊತ್ತಾಗಿಬಿಡುತ್ತದೆ. ಮೇಷ್ಟ್ರುಗಳು ಇದನ್ನು ಚಹಾ ಹೊತ್ತಿನಲ್ಲಿ ಹೋಲಿಸಿ ನೋಡುತ್ತಾರೆ, ನಂಬಿ.

ಏನು ಮಾಡಬಹುದು? ವಿಶ್ಲೇಷಣೆಗೆ ಬಳಸದ ವಿವರವನ್ನು ಕೇಳಲೇಬೇಡಿ. ಹೋದ ವರ್ಷದ ವರದಿಯಲ್ಲಿ ವಯಸ್ಸಿನ ಪ್ರಕಾರ ಒಂದೂ ಕೋಷ್ಟಕ ಇಲ್ಲದಿದ್ದರೆ ವಯಸ್ಸಿನ ಪ್ರಶ್ನೆ ಕಿತ್ತುಹಾಕಿ. ಚಿಕ್ಕ ವಿಭಾಗಗಳನ್ನು ಸೇರಿಸಿ 'ಭಾಷೆಗಳು', 'ಜೀವ ವಿಜ್ಞಾನಗಳು' ಎಂದು ಗುಂಪು ಮಾಡಿ. ಇಷ್ಟಕ್ಕಿಂತ ಕಡಿಮೆ ಜನರಿರುವ ಗುಂಪಿನ ಅಂಕಿ ಅಂಶವನ್ನು ಬೇರೆಯಾಗಿ ತೋರಿಸುವುದಿಲ್ಲ ಅಂತ ನಿಯಮ ಮಾಡಿಕೊಳ್ಳಿ. ಸಾಮಾನ್ಯವಾಗಿ 5 ಅಥವಾ 10 ಇಡುತ್ತಾರೆ. ನಿಮ್ಮಂಥ ಕಡೆ ನಾನು 10 ಇಡುತ್ತೇನೆ. ಈ ನಿಯಮವನ್ನು ಆಹ್ವಾನದಲ್ಲೇ ಬರೆಯಿರಿ. ಮೂಲ ದತ್ತಾಂಶ ಯಾರ ಕೈಯಲ್ಲಿ ಇರುತ್ತದೆ, ವಿಭಾಗದ ಮುಖ್ಯಸ್ಥರಿಗೆ ಅದು ಸಿಗುತ್ತದೆಯೇ, ಯಾವಾಗ ಅಳಿಸುತ್ತೀರಿ, ಇವನ್ನೂ ಬರೆಯಿರಿ. ತೆರೆದ ಪ್ರಶ್ನೆಗಳ ಉತ್ತರವನ್ನು ಇದ್ದ ಹಾಗೇ ಮೇಲಿನವರಿಗೆ ಕೊಡಬಾರದು. ಜೊತೆಯಲ್ಲಿ ಕೆಲಸ ಮಾಡುವವರ ಬರವಣಿಗೆಯ ಧಾಟಿ ಯಾರಿಗೂ ಗುರುತು ಸಿಗುತ್ತದೆ.

ಪ್ರಶ್ನಾವಳಿಯ ಉದ್ದದ ಬಗ್ಗೆ ಸ್ವಲ್ಪ. ಗಲೇಶಿಚ್ ಮತ್ತು ಬೋಸ್ನ್ಯಾಕ್ ಎಂಬ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಜನರಿಗೆ 10, 20, 30 ನಿಮಿಷ ಹಿಡಿಯುತ್ತದೆ ಅಂತ ಬೇರೆ ಬೇರೆಯಾಗಿ ಹೇಳಿ ನೋಡಿದರು. ಹೇಳಿದ ಸಮಯ ಹೆಚ್ಚಾದಷ್ಟೂ ಶುರು ಮಾಡಿದವರೂ ಮುಗಿಸಿದವರೂ ಕಡಿಮೆ. ಅಷ್ಟೇ ಅಲ್ಲ, ಒಂದೇ ಪ್ರಶ್ನೆಯನ್ನು ಕೊನೆಯ ಕಡೆ ಇಟ್ಟಾಗ ಜನ ಅದಕ್ಕೆ ಬೇಗ ಬೇಗ, ಚುಟುಕಾಗಿ ಉತ್ತರ ಕೊಟ್ಟರು. ಅಂದರೆ ನಿಮ್ಮ ಮುಖ್ಯ ಪ್ರಶ್ನೆ ಕೊನೆಯಲ್ಲಿದ್ದರೆ ಅದಕ್ಕೆ ಸುಸ್ತಾದವರ ಉತ್ತರ ಸಿಗುತ್ತದೆ.

ಅದಕ್ಕೆ ಹತ್ತು ನಿಮಿಷದೊಳಗೆ ಮುಗಿಯಲಿ. ನಿಜವಾಗಿಯೂ ಹತ್ತು ನಿಮಿಷ. ಐದಾರು ಅಧ್ಯಾಪಕರನ್ನು ಮೊಬೈಲ್‌ನಲ್ಲಿ ತುಂಬಲು ಹೇಳಿ, ಪಕ್ಕದಲ್ಲಿ ಕೂತು ಗಡಿಯಾರ ನೋಡಿ. ಎಲ್ಲಿ ಹುಬ್ಬು ಗಂಟಿಕ್ಕುತ್ತಾರೆ, ಎಲ್ಲಿ ಹಿಂದಕ್ಕೆ ಹೋಗಿ ಮತ್ತೆ ಓದುತ್ತಾರೆ ಅಂತ ಗುರುತು ಹಾಕಿಕೊಳ್ಳಿ. ಅಡ್ಡಸಾಲಿನಲ್ಲಿ ಐದು ಆಯ್ಕೆ, ಉದ್ದಸಾಲಿನಲ್ಲಿ ಹದಿನೈದು ಹೇಳಿಕೆ ಇರುವ ಆ ದೊಡ್ಡ ಕೋಷ್ಟಕ ಇದೆಯಲ್ಲ, ಅಲ್ಲೇ ಬಹಳ ಜನ ಸೋಲುತ್ತಾರೆ. ಮೊಬೈಲ್‌ನಲ್ಲಿ ಅರ್ಧ ಕಾಣುವುದೇ ಇಲ್ಲ. ನಾಲ್ಕು ಸಾಲು ಆದಮೇಲೆ ಜನ ಒಂದೇ ಉದ್ದಸಾಲಿನಲ್ಲಿ ಮೇಲಿಂದ ಕೆಳಕ್ಕೆ ಒತ್ತುತ್ತಾ ಹೋಗುತ್ತಾರೆ. ಮನಶ್ಶಾಸ್ತ್ರಜ್ಞ ಜಾನ್ ಕ್ರಾಸ್ನಿಕ್ 1991ರಲ್ಲಿ ಇದನ್ನು ವಿವರಿಸಿದ್ದಾರೆ: ಶ್ರಮ ಜಾಸ್ತಿ, ಆಸಕ್ತಿ ಕಡಿಮೆ ಆದಾಗ ಜನ ಸರಿಯಾದ ಉತ್ತರ ಹುಡುಕುವುದನ್ನು ಬಿಟ್ಟು, ನಡೆಯುತ್ತದೆ ಎನ್ನುವಂಥ ಉತ್ತರಕ್ಕೆ ನಿಲ್ಲುತ್ತಾರೆ. ಆ ಕೋಷ್ಟಕ ಒಡೆದು ಹಾಕಿ. ಕಚೇರಿಯಲ್ಲಿ ಈಗಾಗಲೇ ಇರುವ ಮಾಹಿತಿಯನ್ನು, ಅಂದರೆ ಎಷ್ಟು ತರಗತಿ, ಎಷ್ಟು ವಿದ್ಯಾರ್ಥಿ ಅಂಥದ್ದನ್ನು, ಮತ್ತೆ ಅವರಿಂದ ಬರೆಸಬೇಡಿ. ಅದು ಅಧ್ಯಾಪಕರಿಗೆ ಸಿಟ್ಟು ತರಿಸುತ್ತದೆ, ತರಿಸಬೇಕಾದ್ದೇ.

ಆಹ್ವಾನದ ಪತ್ರಕ್ಕೆ ಬರುತ್ತೇನೆ. ನಿಮ್ಮದೂ ಹೆಚ್ಚು ಕಡಿಮೆ ಹೀಗೇ ಇರಬಹುದು: "ಎಲ್ಲ ಬೋಧಕ ಸಿಬ್ಬಂದಿಗೆ ಈ ಮೂಲಕ ತಿಳಿಸುವುದೇನೆಂದರೆ, ವಾರ್ಷಿಕ ಸಮೀಕ್ಷೆಯ ಲಿಂಕ್ ಈ ಕೆಳಗೆ ನೀಡಲಾಗಿದ್ದು, ನಿಗದಿತ ದಿನಾಂಕದೊಳಗೆ ತಪ್ಪದೇ ಭರ್ತಿ ಮಾಡತಕ್ಕದ್ದು." ಇದು ಸುತ್ತೋಲೆ. ಸುತ್ತೋಲೆ ಓದುವ ರೀತಿಯೇ ಬೇರೆ. ನನಗೇನಾದರೂ ತೊಂದರೆ ಇದೆಯಾ ಅಂತ ನೋಡುತ್ತಾರೆ, ಇಲ್ಲ ಅಂದರೆ ಮುಚ್ಚುತ್ತಾರೆ.

ಅದರ ಬದಲು ಹೀಗೆ ಬರೆದು ನೋಡಿ: "ಮಾನ್ಯರೇ, ಮುಂದಿನ ವರ್ಷದ ತರಗತಿ ಹಂಚಿಕೆ ಬಗ್ಗೆ ಮುಂದಿನ ತಿಂಗಳು ತೀರ್ಮಾನ ಆಗಲಿದೆ. ವಾರಕ್ಕೆ ಎಷ್ಟು ಗಂಟೆ ಪಾಠ, ತಯಾರಿಗೆ ಎಷ್ಟು ಸಮಯ ಎಂಬ ಬಗ್ಗೆ ನಿಮ್ಮ ಮಾತು ಆ ಸಭೆಗೆ ಹೋಗಬೇಕು. 14 ಪ್ರಶ್ನೆಗಳಿವೆ. ನಿಮ್ಮ ಸಹೋದ್ಯೋಗಿಗಳು ಆರು ಜನ ತುಂಬಿ ನೋಡಿದಾಗ ಎಂಟು ನಿಮಿಷ ಹಿಡಿಯಿತು. 10 ಜನಕ್ಕಿಂತ ಕಡಿಮೆ ಇರುವ ಗುಂಪಿನ ಫಲಿತಾಂಶವನ್ನು ಪ್ರತ್ಯೇಕವಾಗಿ ಯಾರಿಗೂ ತೋರಿಸುವುದಿಲ್ಲ. ಫಲಿತಾಂಶದ ಸಾರಾಂಶ ಸಭೆಗೆ ಹೋಗುವ ದಿನವೇ ನಿಮಗೂ ಬರುತ್ತದೆ." ಕೆಳಗೆ ನಿಮ್ಮ ಹೆಸರು, ಫೋನ್ ನಂಬರ್. ಇಲಾಖೆಯ ಹೆಸರು ಮಾತ್ರ ಹಾಕಿದರೆ ಯಾರನ್ನು ಕೇಳಬೇಕು ಅಂತ ಗೊತ್ತಾಗುವುದಿಲ್ಲ. ಇದರಲ್ಲಿ ಬರೆದ ಒಂದೊಂದು ಸಾಲೂ ನಿಜವಾಗಿರಬೇಕು ಅಂತ ಬೇರೆ ಹೇಳಬೇಕಿಲ್ಲ. ಸಭೆ ಇಲ್ಲದಿದ್ದರೆ ಸಭೆ ಇದೆ ಅನ್ನಬೇಡಿ.

ಇಮೇಲ್‌ನ ವಿಷಯದ ಸಾಲಿನಲ್ಲಿ 'ಸಮೀಕ್ಷೆ' ಎಂಬ ಪದ ಬೇಡ. ಇದು ನನ್ನ ಊಹೆ ಅಲ್ಲ. ಫಿಲ್ ಎಡ್ವರ್ಡ್ಸ್ ಮತ್ತು ಸಂಗಡಿಗರು 2009ರ ಕಾಕ್ರೇನ್ ವಿಮರ್ಶೆಯಲ್ಲಿ (ಒಂದು ವಿಷಯದ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡುವ ವರದಿ ಇದು) ಅಂಚೆ ಪ್ರಶ್ನಾವಳಿಗಳ 481 ಪ್ರಯೋಗಗಳನ್ನೂ ಇಮೇಲ್, ಆನ್‌ಲೈನ್ ಪ್ರಶ್ನಾವಳಿಗಳ 32 ಪ್ರಯೋಗಗಳನ್ನೂ ಒಟ್ಟಿಗೆ ನೋಡಿದರು. ವಿಷಯದ ಸಾಲಿನಲ್ಲಿ ಆ ಪದ ಇದ್ದಾಗ ಉತ್ತರ ಕಡಿಮೆ ಬಂದಿತ್ತು. ಫಾರ್ಮ್ ಚಿಕ್ಕದಾಗಿದ್ದಾಗ, ವಿಷಯ ಓದುಗರಿಗೆ ಹತ್ತಿರವಾಗಿದ್ದಾಗ, ಬೇರೆಯವರೂ ಉತ್ತರ ಕೊಟ್ಟಿದ್ದಾರೆ ಅಂತ ತಿಳಿಸಿದಾಗ, ಫಲಿತಾಂಶ ಕಳಿಸುತ್ತೇವೆ ಅಂದಾಗ, ಕೊನೆಯ ದಿನ ಹೇಳಿದಾಗ ಹೆಚ್ಚು ಬಂದಿತ್ತು. 'ತರಗತಿ ಹಂಚಿಕೆ ಬಗ್ಗೆ ನಿಮ್ಮ ಮಾತು, 14 ಪ್ರಶ್ನೆ' ಎಂದು ಹಾಕಿದರೆ ಸಾಕು.

ರಿಮೈಂಡರ್ ಐದು ಜಾಸ್ತಿ ಆಯ್ತು. ಮೂರು ಸಾಕು. ಆನ್‌ಲೈನ್ ಸಮೀಕ್ಷೆಗೆ ಬರುವ ಉತ್ತರದಲ್ಲಿ ದೊಡ್ಡ ಪಾಲು ಮೊದಲ ಎರಡು ಮೂರು ದಿನದಲ್ಲೇ ಬಂದುಬಿಡುತ್ತದೆ, ಆಮೇಲೆ ಪ್ರತಿ ರಿಮೈಂಡರ್‌ಗೂ ಒಂದು ಚಿಕ್ಕ ಅಲೆ ಏಳುತ್ತದೆ. ಆದರೆ ಅದೇ ಪತ್ರವನ್ನು ಮತ್ತೆ ಮತ್ತೆ ಕಳಿಸಿದರೆ ಪ್ರಯೋಜನ ಇಲ್ಲ. ಎರಡನೆಯದರಲ್ಲಿ ಇದುವರೆಗೆ ಎಷ್ಟು ಜನ ತುಂಬಿದ್ದಾರೆ ಅಂತ ಹೇಳಿ. ಮೂರನೆಯದರಲ್ಲಿ ಯಾವ ಪ್ರಶ್ನೆಗೆ ಇನ್ನೂ ಹೆಚ್ಚು ಉತ್ತರ ಬೇಕು, ಯಾಕೆ ಬೇಕು ಅಂತ ಹೇಳಿ. ಪರೀಕ್ಷೆ, ಮೌಲ್ಯಮಾಪನ, ಪ್ರವೇಶದ ಗಲಾಟೆ ಇರುವ ವಾರಗಳಲ್ಲಿ ಬೇಡವೇ ಬೇಡ. ಆ ವಾರಗಳ ಪಟ್ಟಿ ನಿಮ್ಮ ಕಚೇರಿಯಲ್ಲೇ ಇದೆ. ಬೇರೆ ಯಾವ ಘಟಕ ಅದೇ ತಿಂಗಳು ಸಮೀಕ್ಷೆ ಕಳಿಸುತ್ತಿದೆ ಅಂತಲೂ ವಿಚಾರಿಸಿ. ಎಲ್ಲ ಘಟಕಗಳೂ ಸೇರಿ ಒಂದು ವರ್ಷದ ಪಟ್ಟಿ ಇಟ್ಟುಕೊಂಡರೆ ಆ ಮೇಡಂ ಮೊಬೈಲ್‌ನಲ್ಲಿ ನಾನು ಕಂಡ ಸಾಲು ಅರ್ಧಕ್ಕೆ ಇಳಿಯುತ್ತದೆ.

ನಿಮ್ಮ ನಿರ್ದೇಶಕರ ಎರಡು ಸಲಹೆಗಳು. ಕಡ್ಡಾಯ ಮಾಡಿದರೆ 640 ಫಾರ್ಮ್ ಬರುತ್ತವೆ, ಸಂಶಯವೇ ಇಲ್ಲ. ವಿಭಾಗದ ಮುಖ್ಯಸ್ಥರ ಕೈಗೆ 'ಇನ್ನೂ ತುಂಬದವರ ಪಟ್ಟಿ' ಹೋಗುತ್ತದೆ, ಅವರು ಒಬ್ಬೊಬ್ಬರನ್ನೇ ಕರೆದು ಕೇಳುತ್ತಾರೆ. ಆ ಪಟ್ಟಿ ಒಮ್ಮೆ ಹೊರಬಿದ್ದರೆ ಗೋಪ್ಯತೆಯ ಬಗ್ಗೆ ನೀವು ಕೊಟ್ಟ ಮಾತು ಮುಗಿಯಿತು. ಆಮೇಲೆ ಬರುವುದು ಮುಖ್ಯಸ್ಥರಿಗೆ ಇಷ್ಟವಾಗುವ ಉತ್ತರ. ಅಧ್ಯಾಪಕರು ಭಾಗವಹಿಸದೆ ಇರುವ ಹಕ್ಕನ್ನು ನಾವು ನಿಜವಾಗಿ ಗೌರವಿಸಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಮುಖ್ಯಸ್ಥರಿಂದ ಸಹಾಯ ಬೇಕಿದ್ದರೆ ಬೇರೊಂದು ಕೇಳಿ: ವಿಭಾಗದ ಸಭೆಯಲ್ಲಿ ಹತ್ತು ನಿಮಿಷ ಬಿಟ್ಟುಕೊಟ್ಟು ತಾವು ಕೋಣೆಯಿಂದ ಹೊರಗೆ ಹೋಗಲಿ. ತುಂಬುವವರು ತುಂಬುತ್ತಾರೆ, ಉಳಿದವರು ಚಹಾ ಕುಡಿಯುತ್ತಾರೆ, ಯಾರು ಏನು ಮಾಡಿದರು ಅಂತ ಯಾರೂ ಬರೆದುಕೊಳ್ಳುವುದಿಲ್ಲ.

ಬಹುಮಾನದ ಬಗ್ಗೆ ಹಳೆಯ ಸಂಶೋಧನೆ ಸ್ಪಷ್ಟವಾಗಿದೆ. ಅಲನ್ ಚರ್ಚ್ ಎಂಬವರು 1993ರಲ್ಲಿ ಅಂಚೆ ಸಮೀಕ್ಷೆಗಳ 38 ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಪ್ರಶ್ನಾವಳಿಯ ಜೊತೆಗೇ ಮೊದಲೇ ಕೊಟ್ಟದ್ದು ಕೆಲಸ ಮಾಡಿತು. ತುಂಬಿ ಕಳಿಸಿದರೆ ಕೊಡುತ್ತೇವೆ ಅಂದದ್ದು ಹೇಳಿಕೊಳ್ಳುವಷ್ಟು ಫಲ ಕೊಡಲಿಲ್ಲ. ಲಾಟರಿ ಇಟ್ಟರೆ ಗೆದ್ದವರ ಹೆಸರು ಬೇಕಾಗುತ್ತದೆ, ಹೆಸರು ಕೇಳಿದರೆ ಮತ್ತೆ ಅದೇ ಹೆದರಿಕೆ. ನಾನಾಗಿದ್ದರೆ ಆ ದುಡ್ಡಲ್ಲಿ ಫಲಿತಾಂಶವನ್ನು ಚೆನ್ನಾಗಿ ಬರೆಸಿ ಎಲ್ಲರಿಗೂ ಹಂಚುತ್ತಿದ್ದೆ.

ಒಂದು ಮಾತು ಶೇಕಡಾವಾರಿನ ಬಗ್ಗೆ. ನಿಮ್ಮದು ಈಗ ಶೇ. 17. ಅದನ್ನು ಶೇ. 60 ಮಾಡುವುದೇ ಗುರಿ ಅಂತ ಹೊರಟರೆ ದಾರಿ ತಪ್ಪಬಹುದು. 1936ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಗೆ ಮುಂಚೆ ಲಿಟರರಿ ಡೈಜೆಸ್ಟ್ ಪತ್ರಿಕೆ ಯಾರಿಗೆ ಮತ ಹಾಕುತ್ತೀರಿ ಅಂತ ಕೇಳಿ ಸುಮಾರು 1 ಕೋಟಿ ಜನರಿಗೆ ಮಾದರಿ ಮತಪತ್ರ ಕಳಿಸಿತ್ತು. ಸುಮಾರು 23 ಲಕ್ಷ ಉತ್ತರ ಬಂದವು. ರಿಪಬ್ಲಿಕನ್ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು ಪತ್ರಿಕೆ. ರೂಸ್‌ವೆಲ್ಟ್ 48ರಲ್ಲಿ 46 ರಾಜ್ಯ ಗೆದ್ದರು. ಕಳಿಸಿದ ಪಟ್ಟಿಯೇ ಸರಿಯಿರಲಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಅದು ನಿಜ. ಆದರೆ 1988ರಲ್ಲಿ ಪೆವರಿಲ್ ಸ್ಕ್ವೈರ್ ಹಳೆಯ ದಾಖಲೆ ತೆಗೆದು ನೋಡಿದಾಗ ಇನ್ನೊಂದು ಸಂಗತಿ ಸಿಕ್ಕಿತು. ಮತಪತ್ರ ಪಡೆದವರೆಲ್ಲ ಉತ್ತರ ಕೊಟ್ಟಿದ್ದರೆ ಆ ಪಟ್ಟಿಯಿಂದಲೂ ರೂಸ್‌ವೆಲ್ಟ್ ಗೆಲುವು ಕಾಣುತ್ತಿತ್ತು. ಸುಮ್ಮನಿದ್ದವರು ಬೇರೆ ಥರದ ಜನ ಆಗಿದ್ದರು. 2008ರಲ್ಲಿ ರಾಬರ್ಟ್ ಗ್ರೋವ್ಸ್ ಮತ್ತು ಎಮಿಲಿಯಾ ಪೆಯ್ಚೇವಾ 59 ಅಧ್ಯಯನಗಳನ್ನು ನೋಡಿ ಹೇಳಿದ್ದೂ ಇದಕ್ಕೆ ಹತ್ತಿರ: ಉತ್ತರ ಎಷ್ಟು ಬಂತು ಎಂಬುದೊಂದರಿಂದಲೇ ಫಲಿತಾಂಶ ಎಷ್ಟು ವಾಲಿದೆ ಅಂತ ಹೇಳಲು ಬರುವುದಿಲ್ಲ.

ಹಾಗಾಗಿ ಯಾರು ಇಲ್ಲ ಅಂತ ನೋಡಿ. ನಿಮ್ಮಲ್ಲಿ ಬಹುಶಃ ಅರೆಕಾಲಿಕ, ಗುತ್ತಿಗೆ ಅಧ್ಯಾಪಕರು. ಎಷ್ಟೋ ಕಡೆ ಅವರಿಗೆ ಸಂಸ್ಥೆಯ ಇಮೇಲ್ ಇರುವುದಿಲ್ಲ, ಇದ್ದರೂ ತೆರೆಯುವುದಿಲ್ಲ. ಪಾಠ ಮುಗಿಸಿ ಇನ್ನೊಂದು ಕಡೆಗೆ ಓಡುತ್ತಾರೆ. ಕೆಲಸದ ಹೊರೆ ಬಗ್ಗೆ ಹೇಳಲು ಎಲ್ಲರಿಗಿಂತ ಜಾಸ್ತಿ ಇರುವುದು ಅವರಲ್ಲಿ. ಉತ್ತರ ಕೊಟ್ಟರೆ ಮುಂದಿನ ವರ್ಷ ಕರೆಯುವುದಿಲ್ಲವೇನೋ ಎಂಬ ಅಳುಕು ಜಾಸ್ತಿ ಇರುವುದೂ ಅವರಲ್ಲೇ. ಅವರಿಗೆ ಇಮೇಲ್ ನೆಚ್ಚಿಕೊಳ್ಳಬೇಡಿ. ಹಾಜರಿ ಹಾಕುವ ಜಾಗದಲ್ಲಿ ಒಂದು ಪೆಟ್ಟಿಗೆ ಇಟ್ಟು, ಮುದ್ರಿಸಿದ ಎರಡು ಪುಟದ ಫಾರ್ಮ್ ಇಡಿ. ಅದರ ಬೀಗದ ಕೈ ನಿಮ್ಮ ಬಳಿ ಮಾತ್ರ ಇರಲಿ, ಆ ವಿಷಯ ಪೆಟ್ಟಿಗೆ ಮೇಲೆ ಬರೆದಿರಲಿ. ಉತ್ತರ ಬಂದಮೇಲೆ ಮೊದಲ ವಾರದವರ ಉತ್ತರವನ್ನೂ ಕೊನೆಯ ರಿಮೈಂಡರ್ ಆದಮೇಲೆ ಬಂದವರ ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡಿ. ತಡವಾಗಿ ಬಂದವರು ಬಾರದವರ ಹಾಗೇ ಇರುತ್ತಾರೆ ಎಂಬ ಊಹೆಯ ಮೇಲೆ ಆರ್ಮ್‌ಸ್ಟ್ರಾಂಗ್ ಮತ್ತು ಓವರ್ಟನ್ 1977ರಲ್ಲಿ ಸೂಚಿಸಿದ ದಾರಿ ಇದು. ಪೂರ್ತಿ ನಂಬುವಂಥದ್ದಲ್ಲ, ಆದರೆ ಎರಡೂ ಗುಂಪು ತುಂಬಾ ಬೇರೆ ಬೇರೆ ಹೇಳುತ್ತಿದ್ದರೆ ವರದಿಯಲ್ಲಿ ಅದನ್ನು ಬರೆಯಲೇಬೇಕು.

ನಾಳೆ ಕಚೇರಿಗೆ ಹೋದಾಗ ಹೋದ ವರ್ಷದ ಕಡತ ತೆರೆಯಿರಿ. ತೆರೆದ ಪ್ರಶ್ನೆಗಳಿಗೆ ಆ 110 ಜನ ಬರೆದದ್ದನ್ನು ಮೊದಲಿಂದ ಕೊನೆವರೆಗೆ ಒಮ್ಮೆ ಓದಿ, ನಡುವೆ ಏಳದೆ ಒಂದೇ ಸಲ ಕೂತು. ಪೆನ್ಸಿಲ್ ಹಿಡಿದು, ಈ ಎರಡು ವಾರದಲ್ಲಿ ನಿಮ್ಮ ಕೈಯಿಂದಲೇ ಆಗಬಹುದಾದ ಒಂದು ಕೆಲಸಕ್ಕೆ ಗುರುತು ಹಾಕಿ. ಅದನ್ನು ಮಾಡಿಸಿ. ಒಂದು ಪುಟದ ಆ ಪತ್ರದ ಮೊದಲ ಸಾಲು ಅದೇ ಆಗಲಿ.